ಎಂಬತ್ತು ಹೆಜ್ಜೆ ದೂರದ ದೊಡ್ಡವ್ವ

ಹೊಸ ಲೆನ್ಸು ಮನೆಗೆ ಬಂದ ದಿನ ಹೆಂಡತಿ ಡಬ್ಬಿಯೊಳಗೆ ಇಣುಕಿ, "ಇದೇನ್ರಿ, ಫೋಟೋ ಹೊಡಿಯೂದೋ, ತೋಫ ಹಾರಸೂದೋ?" ಎಂದಳು. ಅವಳ ತಪ್ಪೇನಿರಲಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿಸಿ, ಬಿಸಿಲು ತಡೆಯುವ ಕರಿ ಟೊಪ್ಪಿಗೆಯನ್ನು ಮುಂದೆ ಹಾಕಿದ ಮೇಲೆ ಅದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಬಂತು. ತೂಕವೋ, ಗೋಕಾಕದ ಕರದಂಟಿನ ಮೂರು ಡಬ್ಬಿಗಳನ್ನು ಒಂದೇ ಕೈಯಲ್ಲಿ ಹಿಡಿದ ಹಾಗೆ. ಐದು ನಿಮಿಷ ಹಿಡಿದು ನಿಂತರೆ ರಟ್ಟೆ ಮಾತಾಡಲು ಶುರು ಮಾಡುತ್ತಿತ್ತು. ನನ್ನ ವಯಸ್ಸಿನಲ್ಲಿ ಜನ ಭಾರ ಇಳಿಸುತ್ತಾರೆ, ನಾನು ಹೇರಿಕೊಂಡು ಕೂತೆ.

ಮೂಡಲಗಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಈ ಲೆನ್ಸು ಮದುವೆ ಕೆಲಸಕ್ಕೆ ಬೇಕು ಎಂದು ಹೆಂಡತಿಗೆ ಹೇಳಿದ್ದೆ. ಅದು ಅರ್ಧ ಖರೆ. ಈಗಿನ ಮದುವೆಗಳಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಮಂಟಪದ ಸುತ್ತ ಮೊಬೈಲ್ ಎತ್ತಿದ ಕೈಗಳ ಬೇಲಿ ಏಳುತ್ತದೆ. ಹಣ ಕೊಟ್ಟು ಕರೆಸಿದ ಫೋಟೋಗ್ರಾಫರನಿಗೆ ಸಿಗುವುದು ಯಾರದೋ ಮಾವನ ಬೆನ್ನು. ದೂರ ನಿಂತು ಎಲ್ಲರ ತಲೆಯ ಮೇಲಿಂದ ತೆಗೆಯಲು ಉದ್ದ ಲೆನ್ಸೇ ಆಗಬೇಕು.

ಉಳಿದರ್ಧ ಖರೆ ದೊಡ್ಡವ್ವನಿಗೆ ಸಂಬಂಧಿಸಿದ್ದು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ನನಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ಜ್ವರದಲ್ಲಿ ಹೋದಳು. ಅಪ್ಪ ಬೇರೆ ಊರಿಗೆ ಹೋಗಿ ಬೇರೆ ಸಂಸಾರ ಕಟ್ಟಿಕೊಂಡ. ನಾಗನೂರಿನಲ್ಲಿ ಕುರಿಯೂ ಹೊಲವೂ ಇದ್ದ ದೊಡ್ಡವ್ವನ ಮನೆಯಲ್ಲಿ, ಅವಳ ಮಕ್ಕಳ ಜೊತೆ, ಅವಳ ಕೈತುತ್ತು ತಿಂದು ನಾನು ಬೆಳೆದೆ. ಈಗ ಅವಳಿಗೆ ಎಪ್ಪತ್ತೈದರ ಆಚೀಚೆ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಎಲ್ಲರಿಗೂ ಬೈಯುವ ಅಧಿಕಾರ ಇನ್ನೂ ಅವಳ ಕೈಯಲ್ಲೇ ಇದೆ.

ಊರಿನ ಅರ್ಧ ಜನರ ಫೋಟೋ ಹೊಡೆದಿರುವ ನನ್ನ ಬಳಿ ಅವಳ ಒಂದೂ ಫೋಟೋ ಇರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ನನ್ನ ಮದುವೆಯ ಆಲ್ಬಮ್ಮಿನಲ್ಲೂ ಅವಳು ಬರೀ ಒಂದು ಸೆರಗು. ಒತ್ತಾಯ ಮಾಡಿದರೆ ಒಂದೇ ಮಾತು: "ನನ್ನ ಗ್ವಾಡಿಗೆ ಏರಸಾಕ ಅಷ್ಟ ಅವಸರ ಬಂದೈತೇನ ನಿನಗ?"

ಆ ಮಾತು ನನಗೆ ನಾಟುತ್ತಿತ್ತು. ನನ್ನ ಕಸುಬಿನ ಕಾಲುಭಾಗ ಅದೇ ತಾನೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೂರನೇ ದಿನಕ್ಕೆ ನನ್ನ ಅಂಗಡಿಗೆ ಬರುತ್ತಾರೆ. ಆಧಾರ್ ಕಾರ್ಡೋ, ಯಾವುದೋ ಮದುವೆಯ ಗುಂಪಿನ ಫೋಟೋವೋ ತಂದು, ಮೂಲೆಯಲ್ಲಿರುವ ಮುಖಕ್ಕೆ ಬೆರಳಿಟ್ಟು, "ಇವರದು ದೊಡ್ಡದ ಮಾಡಿ ಕೊಡ್ರಿ" ಎನ್ನುತ್ತಾರೆ. ನಾನು ಆ ಮುಖವನ್ನು ಕತ್ತರಿಸಿ, ಹೊಸ ಸೀರೆ ಉಡಿಸಿ, ಹಿಂದೆ ನೀಲಿ ಬಣ್ಣ ಬಳಿದು ಕೊಡುತ್ತೇನೆ. ಆಧಾರಿನಲ್ಲಿ ನಮ್ಮ ದೊಡ್ಡವ್ವ ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳೆ. ಮುಂದೊಂದು ದಿನ ಅದನ್ನೇ ತಿದ್ದುತ್ತ ಕೂರಬೇಕಾದೀತು ಎಂಬ ಭಯ ನನಗೆ ಹಲವು ವರ್ಷಗಳಿಂದ ಇತ್ತು. ಬದುಕಿರುವಾಗಲೇ ಅವಳು ನಗುವ ಒಂದು ಫೋಟೋ ನನಗೆ ಬೇಕಿತ್ತು, ಅಷ್ಟೇ. ಅವಳು ಕೊಡುವುದಿಲ್ಲವೆಂದರೆ ಕದಿಯುವುದೇ ಸರಿ ಎಂದುಕೊಂಡೆ.

ಕಳ್ಳತನ ಕಲಿಯುವುದಕ್ಕೂ ಅಭ್ಯಾಸ ಬೇಕು. ಮೊದಲ ದಿನ ಅಂಗಡಿಯ ಮಾಳಿಗೆ ಹತ್ತಿ ಬಸ್ ನಿಲ್ದಾಣದ ಕಡೆ ಹಿಡಿದೆ. ಕಂಡಕ್ಟರನ ಕಿವಿಯ ಮೇಲಿನ ಪೆನ್ನು ನನ್ನ ಮೂಗಿನ ಮುಂದೆ ಬಂದು ನಿಂತಿತು. ಬಂದದ್ದು ಖರೆ, ನಿಂತದ್ದು ಸುಳ್ಳು. ನನ್ನ ಉಸಿರಿಗೆ, ನಾಡಿಗೆ ಎಲ್ಲವೂ ಕುಣಿಯುತ್ತಿತ್ತು. ಮೊದಲ ನೂರು ಫೋಟೋಗಳಲ್ಲಿ ತೊಂಬತ್ತು ಮಸುಕು.

ಆಮೇಲೆ ತಿಳಿಯಿತು, ಗುಂಡಿಯನ್ನು ಅರ್ಧ ಒತ್ತಿ ಒಂದು ಗಳಿಗೆ ಕಾಯಬೇಕು. ಒಳಗೆ ಏನೋ ಸಣ್ಣಗೆ ಗುಂಯ್ ಎನ್ನುತ್ತದೆ, ನಡುಗುತ್ತಿದ್ದ ಚಿತ್ರ ತಟ್ಟನೆ ಸುಮ್ಮನಾಗುತ್ತದೆ. ಅಳುವ ಕೂಸಿನ ಬೆನ್ನ ಮೇಲೆ ಯಾರೋ ಕೈಯಿಟ್ಟ ಹಾಗೆ. ಅಂದಿನಿಂದ ಆ ಲೆನ್ಸಿನ ಮೇಲೆ ನನಗೆ ಪ್ರೀತಿ ಹುಟ್ಟಿತು.

ಭಾನುವಾರ ಗೋಕಾಕ ಫಾಲ್ಸಿಗೆ ಹೋದೆ. ದೂರದ ಗುಡ್ಡ ನುಣ್ಣಗೆ ಎನ್ನುತ್ತಾರಲ್ಲ, ಈ ಲೆನ್ಸಿಗೆ ಆ ಗಾದೆ ಗೊತ್ತಿಲ್ಲ. ಆಚೆ ದಂಡೆಯ ಬಂಡೆಯ ಒಂದೊಂದು ಬಿರುಕನ್ನೂ, ಬಿರುಕಿನಲ್ಲಿ ಬೆಳೆದ ಹುಲ್ಲನ್ನೂ ತಂದು ತೋರಿಸಿತು. ಜಲಪಾತವನ್ನು ಮಾತ್ರ ಅದಕ್ಕೆ ನೋಡಲು ಬರಲಿಲ್ಲ. ಅಷ್ಟು ದೊಡ್ಡ ನೀರು ಕಣ್ಣಿಗೆ ಬಿದ್ದದ್ದು ಕೆಂಪು ರಾಡಿಯ ಒಂದು ತುಂಡಾಗಿ. ತೂಗುಸೇತುವೆಯ ಮೇಲೆ ಹೊಸ ಜೋಡಿಯೊಂದು ನಡೆಯುತ್ತಿತ್ತು. ಸೇತುವೆ ಅಲುಗಿದಾಗ ಹೆಣ್ಣುಮಗಳು ಗಂಡನ ಕೈ ಹಿಡಿಯದೆ ಅವನ ಅಂಗಿಯ ಚುಂಗನ್ನು ಹಿಡಿದಳು. ಅದು ಕಂಡದ್ದು ಅಲ್ಲಿ ನೆರೆದಿದ್ದ ನಾಲ್ಕುನೂರು ಜನರಲ್ಲಿ ನನ್ನೊಬ್ಬನಿಗೇ. ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಅಲ್ಲೇ ಚಹಾ ಮಾರುವವನು ಬಂದು ಪಕ್ಕದಲ್ಲಿ ನಿಂತ. "ಎಷ್ಟ ದೂರ ಎಳೀತೈತ್ರಿ ಇದು?" ನಮ್ಮ ಕಡೆ ಲೆನ್ಸು ತೋರಿಸುವುದಿಲ್ಲ, ಎಳೆಯುತ್ತದೆ. ಆಚೆ ದಂಡೆ ಎಳೆದು ತೋರಿಸಿದೆ. ಅವನಿಗೆ ಸಂತೋಷವಾಗಿ, ತನ್ನದೊಂದು ಫೋಟೋ ಹೊಡೆಯಲು ಹೇಳಿ ಕಿಟ್ಲಿ ಹಿಡಿದು ಅಲ್ಲೇ ನಿಂತುಕೊಂಡ. ಲೆನ್ಸು ಹಿಂದೆ ಮುಂದೆ ಗುರುಗುಟ್ಟಿತು, ಹಿಡಿಯಲೇ ಇಲ್ಲ. ಒಂದು ಮಾರಿನೊಳಗೆ ಇದ್ದದ್ದು ಇದಕ್ಕೆ ಕಾಣುವುದಿಲ್ಲ, ಸ್ವಲ್ಪ ಹಿಂದೆ ಸರಿ ಎಂದೆ. ಅವನು ಸರಿದ, ಆದರೆ ಮುಖ ಸಪ್ಪಗೆ ಮಾಡಿಕೊಂಡು. "ಇಷ್ಟ ದೊಡ್ಡದ ಐತಿ, ಎದುರಿಗೆ ನಿಂತಾವ ಕಾಣಂಗಿಲ್ಲೇನ್ರಿ ಇದಕ್ಕ?"

ಮರುವಾರ ಹುಕ್ಕೇರಿಯಲ್ಲಿ ಒಂದು ಮದುವೆ. ಊಟದ ಮನೆಯ ಬಾಗಿಲಲ್ಲಿ, ಎಲ್ಲರ ಹಿಂದೆ, ಒಂದು ಕುರ್ಚಿಯ ಮೇಲೆ ಹತ್ತಿ ನಿಂತೆ. ಮೊಬೈಲುಗಳ ಬೇಲಿಯ ಮೇಲಿಂದ ಮದುಮಗಳ ಮುಖ ನೇರ ನನ್ನ ಬಳಿ ಬಂತು. ಅವಳ ತಾಯಿಯದೂ ಬಂತು. ಅಕ್ಷತೆ ಬೀಳುವಾಗ ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ಆ ತಾಯಿ ಮಗಳ ಜಡೆಯಲ್ಲಿ ಸಡಿಲಾಗಿದ್ದ ಒಂದು ಪಿನ್ನನ್ನು ನೋಡುತ್ತಿದ್ದಳು, ಕೈ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಮೂವತ್ತು ವರ್ಷ ಮಂಟಪದ ಮುಂದೆಯೇ ನಿಂತು ಮದುವೆ ಹೊಡೆದವನು ನಾನು. ತಾಯಂದಿರ ಕೈ ಆ ಹೊತ್ತಿನಲ್ಲಿ ಏನು ಮಾಡುತ್ತದೆ ಎಂದು ಒಮ್ಮೆಯೂ ಕಂಡಿರಲಿಲ್ಲ.

ಹುಕ್ಕೇರಿಗೆ ಹೋದಾಗಲೆಲ್ಲ ನನಗೆ ಇನ್ನೊಂದು ಫೋಟೋ ನೆನಪಾಗುತ್ತದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಗೋಕಾಕದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ನನ್ನ ತಾಯಿಯ ಒಂದೂ ಫೋಟೋ ಎಲ್ಲೂ ಇರಲಿಲ್ಲ. ಹುಕ್ಕೇರಿಯಲ್ಲಿ ಅಪ್ಪನ ಕಡೆಯ ಒಬ್ಬ ಅಜ್ಜಿಯ ಮನೆಯಲ್ಲಿ ಹಳೆಯ ಮದುವೆಯೊಂದರ ಗುಂಪಿನ ಫೋಟೋ ಇದೆ, ಅದರಲ್ಲಿ ನಿನ್ನ ತಾಯಿ ಇದ್ದಾಳೆ ಎಂದು ಯಾರೋ ಹೇಳಿದರು. ಬಸ್ಸು ಹಿಡಿದು ಹೋದೆ. ಅಂಗೈಯಗಲದ ಕಪ್ಪು ಬಿಳುಪು ಫೋಟೋ, ಮೂವತ್ತು ಜನ. ಅಜ್ಜಿಗೆ ಕಣ್ಣು ಮಂಜು. ಫೋಟೋ ಕೈಯಲ್ಲಿ ಹಿಡಿಯದೆಯೇ ಹೇಳಿದಳು: "ಕೂಸು ಎತ್ಕೊಂಡು ನಿಂತಾಳಲ್ಲ, ಆಕೀನ ನಿಮ್ಮವ್ವ. ಆ ಕೂಸು ನೀನ."

ಕೂಸು ಎತ್ತಿಕೊಂಡವಳು ಒಬ್ಬಳೇ ಇದ್ದಳು. ಫೋಟೋವನ್ನು ತಂದು, ಪ್ರತಿ ತೆಗೆದು, ಆ ಮುಖವೊಂದನ್ನೇ ದೊಡ್ಡದು ಮಾಡಿ, ಕೂಸನ್ನೂ ಪಕ್ಕದಲ್ಲಿ ಅಲುಗಿ ಮಸುಕಾಗಿದ್ದ ಯಾವಳೋ ಒಬ್ಬಳನ್ನೂ ಕತ್ತರಿಸಿ ಹಾಕಿ, ಸಣ್ಣ ಬ್ರಶ್ಶಿನಿಂದ ಎಂಟು ದಿನ ತಿದ್ದಿದೆ. ಎರಡು ಪ್ರತಿ ಮಾಡಿ ಕಟ್ಟು ಹಾಕಿಸಿದೆ. ಒಂದನ್ನು ನಾಗನೂರಿಗೆ ಒಯ್ದು, ಗಂಧದ ಚಕ್ಕೆಯ ಹಾರ ಹಾಕಿ, ದೊಡ್ಡವ್ವನ ಮುಂದೆ ಹಿಡಿದು, "ಅವ್ವ ಸಿಕ್ಕಳ" ಎಂದೆ. ದೊಡ್ಡವ್ವ ಬಹಳ ಹೊತ್ತು ನೋಡಿದಳು. ಕಣ್ಣಿಗೆ ಸೆರಗು ಹಚ್ಚಿದಳು. ಆಮೇಲೆ "ಚೊಲೊ ಆಗೈತಿ" ಎಂದು, ತಾನೇ ಕುಂಕುಮ ಹಚ್ಚಿ ಪಡಸಾಲೆಯ ಗೋಡೆಗೆ ಹಾಕಿಸಿದಳು. ತಂಗಿಯ ನೆನಪಿಗೆ ಅಳುತ್ತಾಳೆ ಎಂದುಕೊಂಡೆ. ಇನ್ನೊಂದು ಪ್ರತಿ ಅಂಥದೇ ಹಾರದೊಂದಿಗೆ ಇವತ್ತಿಗೂ ನನ್ನ ಸ್ಟುಡಿಯೋದ ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿದೆ. ಬೆಳಿಗ್ಗೆ ಅಂಗಡಿ ತೆರೆದರೆ ಮೊದಲು ಅದಕ್ಕೆ ಊದುಬತ್ತಿ.

ಹುಕ್ಕೇರಿಯ ಮದುವೆ ಮುಗಿದ ಮೂರನೇ ದಿನ, ಕೈ ಕುದುರಿದೆ ಎಂಬ ಧೈರ್ಯ ಬಂದ ಮೇಲೆ, ನಾಗನೂರಿಗೆ ಹೋದೆ. ಮನೆಯ ಹಿಂದೆ ಕಬ್ಬಿನ ಹೊಲ. ಗಾಡಿಯನ್ನು ದಾರಿಯಲ್ಲೇ ಬಿಟ್ಟು, ಬದುವಿನ ಮೇಲೆ ಕಬ್ಬಿನ ಮರೆಯಲ್ಲಿ ಕೂತೆ. ಅಂಗಳದ ಬೇವಿನ ಗಿಡಕ್ಕೆ ಅಲ್ಲಿಂದ ಎಂಬತ್ತು ಹೆಜ್ಜೆ. ಐವತ್ತರ ಹತ್ತಿರ ಬಂದ ಗಂಡಸು, ತಾನು ಬೆಳೆದ ಮನೆಯನ್ನೇ ಕಬ್ಬಿನಲ್ಲಿ ಅಡಗಿ ನೋಡುತ್ತಿದ್ದೇನಲ್ಲ ಎಂದು ನನಗೇ ನಗು ಬಂತು.

ದೊಡ್ಡವ್ವ ಗಿಡದ ಕೆಳಗೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಯಾವ ಗಂಡಸೂ ಇಲ್ಲವೆಂದು ಸೆರಗು ಹೆಗಲಿಗೆ ಜಾರಿತ್ತು. ಲೆನ್ಸು ಪೂರ್ತಿ ಎಳೆದು, ಗುಂಡಿ ಅರ್ಧ ಒತ್ತಿ ಕಾದೆ. ಗುಂಯ್ ಎಂದು ಅವಳ ಚಿತ್ರ ಅಲುಗದೆ ನಿಂತಿತು. ಅಷ್ಟು ಹತ್ತಿರ, ಅಷ್ಟು ಹೊತ್ತು ನಾನು ಅವಳ ಮುಖವನ್ನು ಯಾವತ್ತೂ ನೋಡಿರಲಿಲ್ಲ. ಎದುರಿಗೆ ಕೂತಾಗ ಊಟ ಮಾಡುತ್ತೇವೆ, ಜಗಳ ಮಾಡುತ್ತೇವೆ, ನೋಡುವುದು ಎಲ್ಲಿ ಬಂತು. ಹುಬ್ಬಿನ ಬಿಳಿ ಕೂದಲು, ತುಟಿಯ ಮೇಲಿನ ಗೆರೆಗಳು, ಗಲ್ಲದ ಹಚ್ಚೆಯ ಮೂರು ಚುಕ್ಕೆ. ನನಗೆ ಸುಮ್ಮನೆ ಅಳು ಬಂತು, ಬಂದರೆ ಕಣ್ಣು ಮಂಜಾಗಿ ಫೋಟೋ ಹೋದೀತು ಎಂದು ತಡೆದುಕೊಂಡೆ.

ಅಷ್ಟರಲ್ಲಿ ಒಂದು ಕುರಿಮರಿ ಬಂದು ಮೊರಕ್ಕೆ ಬಾಯಿ ಹಾಕಿತು. ಅವಳು ತಳ್ಳಿದಳು. ಅದು ಸುತ್ತಿ ಬಂದು ಅವಳ ಹೆಗಲ ಕಡೆ ಮೂತಿ ಚಾಚಿತು. ತಟ್ಟನೆ ಅವಳ ಕೈ ಎಡಗಿವಿಯನ್ನು ಮುಚ್ಚಿತು. ಅದು ಅವಳ ಹಳೆಯ ಅಂಜಿಕೆ. ಹುಡುಗಿಯಾಗಿದ್ದಾಗ ಮರಿಯೊಂದು ಅವಳ ಓಲೆಗೆ ಬಾಯಿ ಹಾಕಿ ಎಳೆದು ಕಿವಿಯ ಹಾಲೆ ಹರಿದಿತ್ತು. ಅಂದಿನಿಂದ ಎಡಗಿವಿಯ ತುದಿ ಸೀಳಿ ಎರಡಾಗಿದೆ, ಓಲೆ ಹಾಕುವುದು ಸ್ವಲ್ಪ ಮೇಲೆ. ತಾನು ಇನ್ನೂ ಹೆದರುತ್ತೇನಲ್ಲ ಎಂದು ಅವಳಿಗೇ ನಗು ಬಂದಿರಬೇಕು. ಕೈ ಕೆಳಗಿಳಿಸಿ, ತಲೆ ಸ್ವಲ್ಪ ವಾಲಿಸಿ, ಉಳಿದ ನಾಲ್ಕು ಹಲ್ಲು ತೋರಿಸಿ ನಕ್ಕಳು. ನಾನು ಒತ್ತಿದೆ.

ಅವಳ ಮುಂದೆ ಹೋಗುವ ಧೈರ್ಯವಾಗಲಿಲ್ಲ. ಕಳ್ಳನ ಹಾಗೆಯೇ ಗಾಡಿ ಹತ್ತಿ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಊದುಬತ್ತಿ ಹಚ್ಚಿ, ಕಂಪ್ಯೂಟರಿನಲ್ಲಿ ಆ ಫೋಟೋ ತೆರೆದೆ. ದೂರದಿಂದ ಎಳೆದ ಮುಖ ಸ್ವಲ್ಪ ಚಪ್ಪಟೆಯಾಗುತ್ತದೆ, ಹಳೆಯ ಕಾಲದ ಫೋಟೋದಂತೆ ಕಾಣುತ್ತದೆ. ಮುಖವಷ್ಟೇ ಉಳಿಯುವಂತೆ ಸುತ್ತಲೂ ಕತ್ತರಿಸಿದೆ, ಕೈಗೆ ಅದೇ ರೂಢಿ. ಯಾಕೋ ತಲೆ ಎತ್ತಿದೆ. ಗೋಡೆಯ ಮೇಲೆ ತಾಯಿ ತಲೆಯನ್ನು ಅದೇ ಬದಿಗೆ, ಅಷ್ಟೇ ವಾಲಿಸಿದ್ದಳು. ಅಕ್ಕ ತಂಗಿ ಒಂದೇ ಅಚ್ಚು ಎಂದು ಊರವರು ಹೇಳಿದ್ದು ನೆನಪಾಯಿತು, ಹಾಗೇ ಇರಬೇಕು ಎಂದುಕೊಂಡೆ. ಆದರೂ ಸ್ಟೂಲು ಎಳೆದು ಹತ್ತಿ, ಇಷ್ಟು ವರ್ಷ ಕಟ್ಟಿನ ಎರಡೂ ಬದಿ ಮುಚ್ಚಿ ಇಳಿಬಿದ್ದಿದ್ದ ಹಾರವನ್ನು ಪಕ್ಕಕ್ಕೆ ಸರಿಸಿದೆ.

ಎಡಗಿವಿಯ ತುದಿಯಲ್ಲಿ ಒಂದು ಸೀಳು ಇತ್ತು. ಹತ್ತೊಂಬತ್ತರಲ್ಲಿ ಅದನ್ನು ಹಳೆಯ ಕಾಗದದ ಬಿರುಕು ಎಂದುಕೊಂಡು ಅಳಿಸಲು ಬ್ರಶ್ ಎತ್ತಿದ್ದೆ, ಹೇಗೂ ಹಾರದ ಕೆಳಗೆ ಹೋಗುತ್ತದೆ ಎಂದು ಬಿಟ್ಟಿದ್ದೆ. ನನ್ನ ಸೋಮಾರಿತನ ಅದನ್ನು ಉಳಿಸಿತ್ತು.

ನಮ್ಮ ಕಡೆ ಬದುಕಿರುವವರ ಫೋಟೋಕ್ಕೆ ಯಾರೂ ಹಾರ ಹಾಕುವುದಿಲ್ಲ. ತಮಾಷೆಗೂ ಹಾಕುವುದಿಲ್ಲ, ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಹೊಸ ಕರು ಹುಟ್ಟಿದರೂ ನೆದರ ಬಿದ್ದೀತೆಂದು ದೃಷ್ಟಿ ತೆಗೆಯುವ ದೊಡ್ಡವ್ವ, ಅಮಾವಾಸ್ಯೆಗೊಮ್ಮೆ ತನ್ನದೇ ಮುಖಕ್ಕೆ ಕುಂಕುಮ ಹಚ್ಚಿ, ಹಾರದ ಧೂಳು ಝಾಡಿಸುತ್ತ ಬಂದಿದ್ದಳು.

ಅಂಗಡಿ ಮುಚ್ಚಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನೇರ ನಾಗನೂರಿಗೆ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಒಬ್ಬಳೇ ಕೂತಿದ್ದಳು. ತಲೆಯ ಮೇಲೆ ಗೋಡೆಯಲ್ಲಿ ಆ ಫೋಟೋ, ಅದರ ಪಕ್ಕ ತೀರಿಹೋದ ದೊಡ್ಡಪ್ಪನದು.

"ದೊಡ್ಡವ್ವ, ನಿನ್ನಿ ಕಬ್ಬಿನ್ಯಾಗ ಕುಂತು ನಿನ್ನ ಫೋಟೋ ಹೊಡದೆ," ಎಂದೆ.

"ನಿನ್ನ ಗಾಡಿ ಸಪ್ಪಳ ಕೇಳಿತ್ತ. ಬೈಲಕಡಿಗೆ ಕುಂತಿರಬೇಕ ಅಂತ ಸುಮ್ಮಕಿದ್ದೆ," ಎಂದಳು.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅವಳ ಫೋಟೋ ತೆರೆದು ಕೈಗೆ ಕೊಟ್ಟೆ. ಗೋಡೆಯ ಹಾರವನ್ನು ಎತ್ತಿ ಹಿಡಿದೆ. ಅವಳು ಪರದೆಯನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. ಅವಳ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಗುರ್ತ ಹಿಡದಿ ಹಂಗಾರ," ಎಂದಳು ಮೆಲ್ಲಗೆ.

"ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಅವ್ವ ಸಿಕ್ಕಳ ಅಂತ ಓಡಿಕೋತ ಬಂದಿದ್ದಿ. ಆಕಿದು ಬ್ಯಾರೆ ಫೋಟೋ ಇಲ್ಲಪಾ ಎಲ್ಲೂ. ಇದ ನಾನು ಅಂದಿದ್ರ ನಿನ್ನ ಕೈಯಾಗಿಂದ ಆಕಿನ್ನ ಇನ್ನೊಮ್ಮಿ ಕಸಗೊಂಡಂಗ ಆಗತಿತ್ತ."

"ಮಾಲಿ ಹಾಕಿದ್ನಲ್ಲ ನಾ ನಿನಗ."

"ಹಾಕಿದಿ. ನಿಮ್ಮ ದೊಡ್ಡಪ್ಪ ನೋಡಿ ಎರಡ ದಿನ ಉಣಲಿಲ್ಲ. ನಾನ ಬೈದು ಉಣಿಸಿದೆ. ಮಾಲಿ ಬಿದ್ದ ಮ್ಯಾಲೂ ಇಷ್ಟ ವರ್ಷ ಗಟ್ಟಿ ಅದೀನಿ ನೋಡು, ಏನೂ ಆಗಂಗಿಲ್ಲ." ಕ್ಯಾಮೆರಾವನ್ನು ಪಕ್ಕಕ್ಕಿಟ್ಟು ಹೇಳಿದಳು, "ಇನ್ನೊಂದು ಫೋಟೋ ಆದರ ಎರಡೂ ಜೋಡಿಸಿ ನೋಡ್ತಿ ಅಂತ ಅಂಜಿಕಿ ಇತ್ತ. ನಿನ್ನ ಕಸಬ ಅದ ಅಲ್ಲೇನ?"

ನನಗೆ ಒಂದು ಅರ್ಥವಾಗಲಿಲ್ಲ. ಹುಕ್ಕೇರಿಯ ಅಜ್ಜಿ ಕೂಸು ಎತ್ತಿಕೊಂಡವಳೇ ನಿಮ್ಮವ್ವ ಎಂದಿದ್ದಳಲ್ಲ ಎಂದೆ.

"ಅವರ ತಪ್ಪಲ್ಲ. ಕೂಸು ಎತ್ಕೊಂಡಾಕಿನ್ನ ಎಲ್ಲಾರೂ ಅವ್ವ ಅಂತಾರ. ಆವತ್ತ ನಿಮ್ಮವ್ವನ ಹೊಸಾ ಸೀರಿ ನಿನಗ ಚುಚ್ಚತಿತ್ತೋ ಏನೋ, ನನ್ನ ಬಗಲಿಗೆ ಬಂದಿ. ಫೋಟೋದಾವ ಯಾರೂ ಅಳ್ಳಾಡಬ್ಯಾಡ್ರಿ ಅಂದ. ಎಲ್ಲಾರೂ ಕಲ್ಲಾಗಿ ನಿಂತ್ರು. ನೀ ಅಳಾಕ ಹತ್ತಿದಿ. ಬಾಜೂಕ ನಿಂತಿದ್ದ ನಿಮ್ಮವ್ವಗ ತಡೀಲಿಲ್ಲ, ನಿನ್ನ ಕಡೆ ಹೊಳ್ಳಿದಳು. ಹಂಗಾಗಿ ಆಕಿ ಮಾರಿ ಬರಲಿಲ್ಲ."

ಆ ಮಸುಕಾದವಳು ನನಗೆ ಚೆನ್ನಾಗಿ ನೆನಪಿದ್ದಳು. ಮುಖವಿಲ್ಲ, ಕೂಸಿನ ಕಡೆ ಚಾಚಿದ ಒಂದು ಕೈ ಮಾತ್ರ ಸ್ಪಷ್ಟ. ಯಾವಳೋ ಅಲುಗಿ ಫೋಟೋ ಕೆಡಿಸಿದ್ದಾಳೆ ಎಂದು ಬೈದುಕೊಂಡೇ ನಾನು ಅವಳನ್ನು ಕತ್ತರಿಸಿದ್ದೆ. ಮೂವತ್ತು ಜನರಲ್ಲಿ ನನ್ನ ಅಳುವಿಗೆ ತಿರುಗಿದವಳು ಅವಳೊಬ್ಬಳೇ. ದೊಡ್ಡವ್ವನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳು ಬೆನ್ನ ಮೇಲೆ ಕೈಯಿಟ್ಟಳು.

ಆಮೇಲೆ ಕೇಳಿದಳು, "ಆ ದೊಡ್ಡ ಫೋಟೋ ಐತೇನ ಇನ್ನಾ?"

ಅಜ್ಜಿಯ ಫೋಟೋ ತಿರುಗಿ ಕೊಟ್ಟಿದ್ದೆ. ಪ್ರತಿ ತೆಗೆದ ನೆಗೆಟಿವ್ ನನ್ನ ಸ್ಟುಡಿಯೋದ ತಗಡಿನ ಡಬ್ಬಿಯಲ್ಲಿ ಇನ್ನೂ ಇದೆ ಎಂದೆ.

"ಹಂಗಾರ ಆಕಿನ್ನ ದೊಡ್ಡದ ಮಾಡಿ ತಾ. ಮಂಜ ಇದ್ರ ಇರ್ಲಿ, ತಿದ್ದಬ್ಯಾಡ. ಕೈ ಬಂದೈತೆಲ್ಲ, ಸಾಕ. ಮಾಲಿ ಅದಕ್ಕ ಹಾಕು. ನಂದು ತಗಿ ಇನ್ನ, ಭಾಳ ವರ್ಷ ಹೊತ್ತೀನಿ."

ಹಾರ ತೆಗೆದೆ. ಗೋಡೆಯ ಮೇಲೆ ಇಪ್ಪತ್ತೈದು ದಾಟಿದ ವಯಸ್ಸಿನ ದೊಡ್ಡವ್ವ ಮೊದಲ ಸಲ ಪೂರ್ತಿ ಕಂಡಳು. ಕೆಳಗೆ ಕೂತವಳು ತಲೆ ಎತ್ತಿ ಅವಳನ್ನು ನೋಡಿ, "ಚೆಂದ ಇದ್ದೆ ಬಿಡು," ಎಂದು ಎದ್ದು ಹೊಸ್ತಿಲ ಬೆಳಕಿಗೆ ಹೋಗಿ ಕೂತಳು. "ಈಗ ಹೊಡಿ."

ನನ್ನ ಬಳಿ ಇದ್ದದ್ದು ಆ ಉದ್ದ ಲೆನ್ಸೊಂದೇ. ಅವಳ ಎದುರಿಗೆ ನಿಂತರೆ ಅದಕ್ಕೆ ಅವಳು ಕಾಣುವುದಿಲ್ಲ. ಅಂಗಳಕ್ಕಿಳಿದು ಹಿಂದೆ ಸರಿದೆ, ಇನ್ನೂ ಸರಿದೆ, ಬೆನ್ನಿಗೆ ಬೇವಿನ ಗಿಡ ತಾಗಿತು. ಗುಂಡಿ ಅರ್ಧ ಒತ್ತಿ ಕಾದೆ. ದೊಡ್ಡವ್ವ ಸೆರಗು ಮುಂದಕ್ಕೆ ಎಳೆದುಕೊಳ್ಳಲಿಲ್ಲ. ಎಡಗೈಯಿಂದ ಅದನ್ನು ಕಿವಿಯ ಹಿಂದಕ್ಕೆ ಸರಿಸಿ, ಹರಿದ ತುದಿ ಕಾಣುವಂತೆ ತಲೆ ವಾಲಿಸಿ, ಅಲ್ಲಿಂದಲೇ ಕೂಗಿದಳು:

"ಕಿವಿ ಬರ್ಲಿ ನೋಡೋ. ಮತ್ತೊಮ್ಮಿ ಗುರ್ತ ತಪ್ಪಬಾರದು."